‘ಇದು ನಿಮಗೆ ಬೇಡ’ ಅನ್ನೋ ಪುಸ್ತಕದಂಗಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲೋ, ಮೆಟ್ರೋದಲ್ಲೋ, ಪಾತ್ರೆ ತೊಳೀತಾನೋ ಕೇಳ್ತಿರೋ ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ಪುಸ್ತಕ. ತಾಳಿ, ಸ್ಕಿಪ್ ಮಾಡ್ಬೇಡಿ! ‘ಓದಿ, ಉದ್ಧಾರ ಆಗಿ’ ಅಂತ ಉಪದೇಶ ಮಾಡೋಕೆ ಬಂದಿಲ್ಲ. ಹೊಸ ಪುಸ್ತಕ ಬಂದಿದೆ ಅನ್ನೋ ಸುದ್ದಿ ಒಂದು ಸಣ್ಣ ಅಂಗಡಿಯಿಂದ ನಮ್ಮ ಫೋನಿಗೆ ಹೇಗೆ ಬರುತ್ತೆ, ಅದನ್ನ ನಾವು ನೋಡದೇ ಬಿಟ್ಟರೆ ಏನಾಗುತ್ತೆ, ಇಷ್ಟನ್ನೇ ಹೇಳ್ತೀನಿ.

ಮೊದಲು ಒಂದು ತಪ್ಪೊಪ್ಪಿಗೆ. 2025ರ ಮೇ 21, ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಎಲ್ಲಾ ಕಡೆ ಒಂದೇ ಸುದ್ದಿ. ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 12 ಕತೆಗಳು, 1990ರಿಂದ 2023ರ ನಡುವೆ ಬರೆದವು. ನಾನೂ ಎಲ್ಲರ ಹಾಗೆ ಸ್ಟೇಟಸ್ ಹಾಕಿದೆ. ಹಾಕಿದ ಮೇಲೆ ಅನಿಸಿತು: ಇವರ ಒಂದು ಕತೆಯನ್ನೂ ನಾನು ಓದಿಲ್ವಲ್ಲ!

ವಾಟ್ಸ್‌ಆ್ಯಪ್‌ನಲ್ಲಿ ಅವರ ಹೆಸರು ಹಾಕಿ ಹುಡುಕಿದೆ. ಎಲ್ಲಕ್ಕಿಂತ ಹಳೇ ಮೆಸೇಜ್ ನಮ್ಮ ಏರಿಯಾದ ಪುಸ್ತಕದಂಗಡಿಯದು. ಮುಖಪುಟದ ಫೋಟೋ, ಬೆಲೆ, ಕೆಳಗೆ ‘ಹಾಸನದವರು. ಓದಿ ನೋಡಿ’. ಬಂದಿದ್ದು ಪ್ರಶಸ್ತಿಗಿಂತ ಎಷ್ಟೋ ತಿಂಗಳು ಮೊದಲು. ನಾನು ಆ ನಂಬರನ್ನ ಮ್ಯೂಟ್ ಮಾಡಿಟ್ಟಿದ್ದೆ. ಹಾಸನದ ಲೇಖಕಿ ಬೆಂಗಳೂರಲ್ಲಿರೋ ನನಗೆ ತಲುಪಿದ್ದು ಲಂಡನ್ ಸುತ್ತಿಕೊಂಡು.

ಹೊಸ ಪುಸ್ತಕಕ್ಕೆ ಯಾರು ಹೇಳಬೇಕು?

ಯಾವುದಾದರೂ ಕನ್ನಡ ಪುಸ್ತಕ ತೆಗೆದು ಮೊದಲ ಒಂದೆರಡು ಪುಟ ನೋಡಿ. ಮೊದಲ ಮುದ್ರಣದ ವರ್ಷ, ಬಳಸಿದ ಕಾಗದ, ‘1/8 ಡೆಮಿ’ ಅನ್ನೋ ಆಕಾರ, ಬೆಲೆ, ಜೊತೆಗೆ ‘ಪ್ರತಿಗಳು: 1000’ ಅಂತ ಇರುತ್ತೆ. ಸಾವಿರ ಅನ್ನೋದು ನಮ್ಮಲ್ಲಿ ಬಹಳ ಕಾಲದಿಂದ ನಡೆದು ಬಂದ ಲೆಕ್ಕ. ಈಗ ಅದಕ್ಕಿಂತ ಕಡಿಮೆ ಹಾಕಿಸೋರೂ ಇದ್ದಾರೆ. ಕೋಟಿಗಟ್ಟಲೆ ಜನ ಮಾತಾಡೋ ಭಾಷೇಲಿ ಒಂದು ಸಾವಿರ ಪ್ರತಿ. ಅಷ್ಟು ಸಣ್ಣ ಲೆಕ್ಕದಲ್ಲಿ ಜಾಹೀರಾತಿಗೆ ದುಡ್ಡೆಲ್ಲಿ? ಭಾನುವಾರ ಬೆಳಿಗ್ಗೆ ಒಂದು ಬಿಡುಗಡೆ ಸಮಾರಂಭ, ಪತ್ರಿಕೆಯಲ್ಲಿ ನಾಲ್ಕು ಸಾಲು, ಅಲ್ಲಿಗೆ ಮುಗೀತು. ಆಮೇಲೆ ಯಾರಾದರೂ ಕೈ ತೋರಿಸಿ ‘ಇದನ್ನ ಓದಿ’ ಅನ್ನದಿದ್ದರೆ ಆ ಪುಸ್ತಕ ಕಟ್ಟು ಬಿಚ್ಚದೇ ಗೋಡೌನಲ್ಲೇ ಉಳಿಯುತ್ತೆ.

‘ಆನ್‌ಲೈನ್ ಇದೆಯಲ್ಲ, ಅದೇ ತೋರಿಸುತ್ತೆ’ ಅಂತೀರಾ? ತೋರಿಸುತ್ತೆ. ಆದರೆ ಹೇಗೆ ತೋರಿಸುತ್ತೆ ನೋಡಿ. ‘ಇದನ್ನು ಕೊಂಡವರು ಇದನ್ನೂ ಕೊಂಡರು’ ಅಂತ ಹೇಳಬೇಕಾದ್ರೆ ಮೊದಲು ಒಂದಷ್ಟು ಜನ ಕೊಂಡಿರಬೇಕು. ಇವತ್ತು ಬೆಳಿಗ್ಗೆ ಹುಟ್ಟಿದ ಪುಸ್ತಕವನ್ನ ಯಾರೂ ಕೊಂಡಿಲ್ಲ, ರೇಟಿಂಗೂ ಕೊಟ್ಟಿಲ್ಲ. ಆ ವ್ಯವಸ್ಥೆಗೆ ಅದರ ಬಗ್ಗೆ ಗೊತ್ತಿರೋದೇ ಕಡಿಮೆ. ತಂತ್ರಜ್ಞಾನದವರು ಈ ತೊಡಕಿಗೆ ‘ಕೋಲ್ಡ್ ಸ್ಟಾರ್ಟ್’ ಅಂತಾರೆ. ಚಳಿಗಾಲದಲ್ಲಿ ಎಷ್ಟು ಕಿಕ್ ಹೊಡೆದ್ರೂ ಸ್ಟಾರ್ಟ್ ಆಗದ ಬೈಕ್ ಇರುತ್ತಲ್ಲ, ಹಾಗೆ. ಮೊದಲ ಕಿಕ್ ಹೊಡೆಯೋಕೆ ಒಬ್ಬ ಮನುಷ್ಯ ಬೇಕು. ಕನ್ನಡದ ಮಟ್ಟಿಗೆ ಆ ಮನುಷ್ಯ ಎಷ್ಟೋ ಸಲ ಪುಸ್ತಕದಂಗಡಿಯವರು.

ಒಂದು ಮೆಸೇಜಿನ ಹಿಂದೆ

ಸರಿ, ಅವರು ಹೇಗೆ ಹೇಳ್ತಾರೆ? ನಮ್ಮ ಅಂಗಡಿಯ ಹಿರಿಯರ ಹತ್ತಿರ ಕೂತು ನೋಡಿದ್ದನ್ನ ಹೇಳ್ತೀನಿ. ಪ್ರಕಾಶಕರಿಂದ ಬಂಡಲ್ ಬರುತ್ತೆ. ಅವರು ಬೆನ್ನುಡಿ ನೋಡಿ, ನಡುವೆ ಎಲ್ಲೋ ಹತ್ತು ಪುಟ ಓದ್ತಾರೆ. ‘ಮುನ್ನುಡೀಲಿ ಎಲ್ಲರೂ ಹೊಗಳಿರ್ತಾರೆ, ನಡುವಿನ ಪುಟ ಸುಳ್ಳು ಹೇಳಲ್ಲ’ ಅನ್ನೋದು ಅವರ ಲೆಕ್ಕ. ಮೆಚ್ಚಿಗೆಯಾದ್ರೆ ಫೋಟೋ ತೆಗೆದು, ಎರಡು ಸಾಲು ಬರೆದು ಬ್ರಾಡ್‌ಕಾಸ್ಟ್ ಲಿಸ್ಟಿಗೆ ಹಾಕ್ತಾರೆ.

ಇಲ್ಲೊಂದು ಸಂಗತಿ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಲಿಸ್ಟ್ ಒಂದರಲ್ಲಿ ಹಿಡಿಸೋದು 256 ಜನ. ಅದರಲ್ಲೂ ಯಾರು ಅಂಗಡಿಯ ನಂಬರನ್ನ ತಮ್ಮ ಫೋನಲ್ಲಿ ಸೇವ್ ಮಾಡಿಕೊಂಡಿರ್ತಾರೋ ಅವರಿಗೆ ಮಾತ್ರ ಮೆಸೇಜ್ ಹೋಗುತ್ತೆ. ಬಿಲ್ ಮಾಡುವಾಗ ನಂಬರ್ ಕೊಟ್ಟು ಬಂದರೆ ಸಾಲದು, ಅವರ ನಂಬರ್ ನಿಮ್ಮಲ್ಲೂ ಇರಬೇಕು.

ಇದರಿಂದ ಅವರಿಗೆ ಎಷ್ಟು ಗಿಟ್ಟುತ್ತೆ? 200 ರೂಪಾಯಿ ಪುಸ್ತಕ, ಪ್ರಕಾಶಕರು ಅಂಗಡಿಗೆ ಶೇ 30 ರಿಯಾಯಿತಿ ಕೊಟ್ಟರು ಅಂದ್ಕೊಳ್ಳಿ. 60 ರೂಪಾಯಿ ಆಯ್ತು. ನಾವು ಬಿಡ್ತೀವಾ? ‘ಡಿಸ್ಕೌಂಟ್ ಇಲ್ವಾ ಸರ್?’ ಶೇ 10 ಬಿಟ್ಟರೆ 20 ಹೋಯ್ತು. ಉಳಿದ 40 ರೂಪಾಯಿಯಲ್ಲಿ ಬಾಡಿಗೆ, ಕರೆಂಟು, ಹುಡುಗನ ಸಂಬಳ. ಆ ಎರಡು ಸಾಲಿನ ಸಲಹೆಗೆ ಬೇರೆ ಚಾರ್ಜ್ ಇಲ್ಲ.

ಹೊರಗಿನ ಊರಿನವರಿಗೆ ಕಳಿಸೋದಾದ್ರೆ ಅಂಚೆ ಖರ್ಚು. ಪುಸ್ತಕಗಳಿಗೆ ಅಂತಲೇ ಇದ್ದ ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯ್ತು. ಸಣ್ಣ ಪ್ರಕಾಶಕರಿಗೂ ಅಂಗಡಿಗಳಿಗೂ ದೊಡ್ಡ ಪೆಟ್ಟು ಅದು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಅಂತ ಹೊಸ ಸೇವೆ ಶುರುವಾಯ್ತು. ಶುರುವಿನ ದರ 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ಗೆ 100 ರೂಪಾಯಿ, ತೆರಿಗೆ ಬೇರೆ. ನೂರೈವತ್ತು ಪುಟದ ಪುಸ್ತಕ 300 ಗ್ರಾಂ ಒಳಗೇ ಬರುತ್ತೆ. ಪುಸ್ತಕದಂಗಡಿಯೇ ಇಲ್ಲದ ಊರಲ್ಲಿ ಇರೋರು ಇದನ್ನ ನೆನಪಿಟ್ಟುಕೊಳ್ಳಿ.

ವಾಟ್ಸ್‌ಆ್ಯಪ್‌ಗಿಂತ ಹಳೇದು

ಇದೇನು ಹೊಸ ಪದ್ಧತಿ ಅಲ್ಲ. ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿ ಅವರು ಮನೋಹರ ಗ್ರಂಥಮಾಲೆ ಶುರು ಮಾಡಿದರು. ಓದುಗರು ಚಂದಾ ಕೊಟ್ಟರೆ, ಪುಸ್ತಕ ಆರಿಸಿ ಕಳಿಸೋದು ಗ್ರಂಥಮಾಲೆಯ ಹೊಣೆ. ಯಾವ ಪುಸ್ತಕ ಬರುತ್ತೆ ಅಂತ ಗೊತ್ತಿಲ್ಲದೆಯೇ ಜನ ದುಡ್ಡು ಕೊಡ್ತಿದ್ರು ಅಂದ್ರೆ, ಆ ಆಯ್ಕೆಯ ಮೇಲೆ ಎಂಥ ನಂಬಿಕೆ ಇರಬೇಕು! ಸುಭಾಸ ರಸ್ತೆಯ ಅವರ ‘ಅಟ್ಟ’ ಸಾಹಿತಿಗಳ ಹರಟೆಗೆ ಹೆಸರಾದ ಜಾಗ. ಇಪ್ಪತ್ಮೂರರ ಆಸುಪಾಸಿನ ಹುಡುಗ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಪ್ರಕಟವಾಗಿದ್ದು ಇಲ್ಲಿಂದಲೇ.

ಬೆಂಗಳೂರಿನ ಚರ್ಚ್ ಸ್ಟ್ರೀಟ್ ಬಳಿ 1971ರಿಂದ 2009ರವರೆಗೆ ಟಿ.ಎಸ್. ಶಾನಭಾಗ್ ಅವರ ಪ್ರೀಮಿಯರ್ ಬುಕ್‌ಶಾಪ್ ಇತ್ತು. ನಡೆದಾಡೋಕೂ ಜಾಗ ಇಲ್ಲದಷ್ಟು ಪುಸ್ತಕದ ರಾಶಿ. ಯಾವ ರಾಶಿಯ ಅಡಿಯಲ್ಲಿ ಯಾವುದಿದೆ ಅನ್ನೋದು ಅವರ ತಲೇಲಿತ್ತು, ಯಾವ ಗ್ರಾಹಕರು ಏನು ಓದ್ತಾರೆ ಅನ್ನೋದೂ ಅಲ್ಲೇ ಇತ್ತು.

‘ಬೇಡ’ ಅಂದಿದ್ದು

ಈಗ ನನ್ನ ಕತೆಗೆ ವಾಪಸ್ ಬರ್ತೀನಿ. ಬುಕರ್ ಬಂದ ವಾರವೇ ಆ ಅಂಗಡಿಗೆ ಹೋದೆ. ಬಾನು ಅವರ ಕತೆಗಳನ್ನ ತಗೊಂಡೆ. ‘ಸರ್, ನೀವು ಮೊದಲೇ ಕಳಿಸಿದ್ರಿ, ನಾನೇ ಮ್ಯೂಟ್ ಮಾಡಿದ್ದೆ’ ಅಂತ ಒಪ್ಪಿಕೊಂಡೆ. ಅವರು ನಕ್ಕರು. ‘ಬಿಡಿ, ಇನ್ನೂರು ಜನಕ್ಕೆ ಕಳಿಸಿದ್ರೆ ಹತ್ತು ಜನ ಉತ್ತರ ಕೊಡ್ತಾರೆ. ಆ ಹತ್ತು ಜನಕ್ಕೇ ಕಳಿಸೋದು.’

ಅಮ್ಮನಿಗೂ ಒಂದಿರಲಿ ಅಂತ, ಎಲ್ಲರೂ ಹೊಗಳ್ತಿದ್ದ ದಪ್ಪ ಕಾದಂಬರಿಯೊಂದನ್ನ ಮೇಜಿನ ಮೇಲಿಟ್ಟೆ.

‘ಇದು ಯಾರಿಗೆ?’

‘ಅಮ್ಮನಿಗೆ ಸರ್.’

‘ಏನು ಓದ್ತಾರೆ ಅವರು?’

‘ಮುಂಚೆ ತ್ರಿವೇಣಿ ಅವರದ್ದೆಲ್ಲಾ ಓದ್ತಿದ್ರು. ಈಗ ಕಣ್ಣು ಸ್ವಲ್ಪ ಮಂಜು, ಬಿಟ್ಟುಬಿಟ್ಟಿದ್ದಾರೆ.’

‘ಹಾಗಾದ್ರೆ ಇದು ಬೇಡ. ಐನೂರು ಪುಟ, ಅಕ್ಷರ ಬೇರೆ ಸಣ್ಣದು. ಎರಡು ದಿನ ಹಿಡ್ಕೊಂಡು ಟೀವಿ ಪಕ್ಕ ಇಟ್ಬಿಡ್ತಾರೆ.’

ಕಾದಂಬರಿಯನ್ನ ಅವರೇ ವಾಪಸ್ ಕಪಾಟಿಗೆ ಇಟ್ಟು, ಅರ್ಧ ಬೆಲೆಯ ಒಂದು ತೆಳು ಪುಸ್ತಕ ಕೊಟ್ಟರು. ಅಡುಗೆಮನೆ, ಹಿತ್ತಲು, ತವರು ಅಂತ ಒಬ್ಬ ಹೆಣ್ಣುಮಗಳು ಬರೆದ ಪ್ರಬಂಧಗಳು. ಅಕ್ಷರ ದಪ್ಪ, ಒಂದೊಂದೂ ನಾಲ್ಕೈದು ಪುಟ. ಅಮ್ಮ ನಾಲ್ಕೇ ದಿನಕ್ಕೆ ಮುಗಿಸಿ, ‘ಅವರ ಹತ್ರ ಇನ್ನೇನಿದೆ ಕೇಳು’ ಅಂದ್ರು. ಏಳೆಂಟು ವರ್ಷ ಪುಸ್ತಕವನ್ನೇ ಮುಟ್ಟದಿದ್ದ ಅಮ್ಮ.

ಯಾವ ಆ್ಯಪ್ ನಮಗೆ ‘ಇದನ್ನ ಕೊಳ್ಳಬೇಡಿ’ ಅಂತ ಹೇಳಿದೆ, ಹೇಳಿ? ಅಂಗಡಿಯವರು ಆವತ್ತು ಬರೋ ದುಡ್ಡು ಬಿಟ್ಟು ‘ಬೇಡ’ ಅಂದ್ರು. ಯಾಕಂದ್ರೆ ನಾಳೆ ಮತ್ತೆ ನನ್ನ ಮುಖ ನೋಡಬೇಕು. ಪುಸ್ತಕ ಚೆನ್ನಾಗಿರದಿದ್ದರೆ ಹೋಗಿ ಜಗಳ ಆಡೋಕೆ ನನಗೆ ಒಂದು ಮುಖ ಇದೆ. ಆ ಸಲಹೆಗೆ ತೂಕ ಬರೋದು ಅಲ್ಲಿಂದ.

ಹಾಗಂತ ಅಂಗಡಿಯವರು ಹೇಳಿದ್ದೆಲ್ಲಾ ವೇದವಾಕ್ಯ ಅಲ್ಲ. ನಮ್ಮಲ್ಲಿ ಸಪ್ನ, ನವಕರ್ನಾಟಕ, ಅಂಕಿತದಂಥವರು ಮಾರಾಟದ ಜೊತೆ ಪ್ರಕಾಶನವನ್ನೂ ಮಾಡ್ತಾರೆ. ಸಣ್ಣ ಅಂಗಡಿಯವರಿಗೂ ಲೇಖಕ ಮಿತ್ರರು ಇರ್ತಾರೆ. ಮಾರೋರು ತಮ್ಮ ಪುಸ್ತಕವನ್ನ ಮುಂದಿಡೋದು ಸಹಜ. ಅದಕ್ಕೇ ಒಂದು ಪ್ರಶ್ನೆ ಕೇಳಿ: ‘ನೀವು ಓದಿದ್ದೀರಾ? ಏನಿಷ್ಟ ಆಯ್ತು?’ ಓದಿದವರ ಉತ್ತರ ಬೇರೆ ಥರ ಇರುತ್ತೆ, ನಿಮಗೇ ಗೊತ್ತಾಗುತ್ತೆ.

ಇನ್ನು ನೀವು ಮಾಡಬಹುದಾದ್ದು. ನಿಮ್ಮೂರಿನ ಅಂಗಡಿಯ ನಂಬರ್ ಸೇವ್ ಮಾಡಿಕೊಳ್ಳಿ. ಬರೀ ‘ಹೊಸದೇನಿದೆ’ ಅಂತ ಕೇಳದೆ, ಇತ್ತೀಚೆಗೆ ಇಷ್ಟವಾದ ಒಂದು, ಅರ್ಧಕ್ಕೇ ಬಿಟ್ಟ ಒಂದು, ಎರಡರ ಹೆಸರನ್ನೂ ಹೇಳಿ. ಅವರಿಗೆ ನಿಮ್ಮ ಅಳತೆ ಸಿಗೋದು ಬಿಟ್ಟ ಪುಸ್ತಕದಿಂದಲೇ. ಓದಿದ ಮೇಲೆ, ಚೆನ್ನಾಗಿತ್ತೋ ಇಲ್ವೋ, ಒಂದು ಸಾಲು ಉತ್ತರ ಕಳಿಸಿ. ಮುಂದಿನ ಸಲ ಇನ್ನೊಬ್ಬರಿಗೆ ಅವರು ಹೇಳೋ ಮಾತು ಆ ಒಂದು ಸಾಲಿನಿಂದ ಬದಲಾಗುತ್ತೆ.

ನಾನು ಅನ್‌ಮ್ಯೂಟ್ ಮಾಡಿ ಆಯ್ತು. ಈ ಶನಿವಾರ ಹೋಗ್ತಿದ್ದೀನಿ. ಈ ಸಲ ಅಮ್ಮನೂ ಬರ್ತಾರಂತೆ, ‘ನಿನಗೆ ಸರಿಯಾಗಿ ಕೇಳೋಕೆ ಬರಲ್ಲ’ ಅಂತ.

ನಿಮಗೆ ಯಾರಾದ್ರೂ ‘ಇದು ಬೇಡ, ಅದು ತಗೊಳ್ಳಿ’ ಅಂತ ಕೊಟ್ಟ ಪುಸ್ತಕ ಯಾವುದು? ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.