ನಿಮಗಿದು ಗೊತ್ತೆ? ಶೇ 100 ಗಡಸು ಕುಂಚಕ್ಕೂ ಮಸುಕು ಅಂಚು!

ಫೋಟೊಶಾಪ್‌ನಲ್ಲಿ ಬ್ರಷ್‌ನ ‘ಹಾರ್ಡ್‌ನೆಸ್’ ಅನ್ನು ಶೇ 100ಕ್ಕೆ ಏರಿಸಿದರೂ ಗೆರೆಯ ಅಂಚು ಪೂರ್ತಿ ಹರಿತವಾಗುವುದಿಲ್ಲ! ಚಿತ್ರವನ್ನು ಹಿಗ್ಗಿಸಿ ನೋಡಿ. ಕಪ್ಪು ಗೆರೆಗೂ ಬಿಳಿ ಹಿನ್ನೆಲೆಗೂ ನಡುವೆ ಬೂದು ಚುಕ್ಕಿಗಳು ಇಣುಕುತ್ತವೆ.

ಇದು ದೋಷವಲ್ಲ, ಮೆಚ್ಚಬೇಕಾದ ಜಾಣ್ಮೆ. ಪರದೆ ಎಂದರೆ ಪಿಕ್ಸೆಲ್ ಚೌಕಗಳ ಜಾಲ. ಅದರ ಮೇಲೆ ಓರೆ ಗೆರೆ, ವೃತ್ತಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಅದನ್ನು ಮರೆಮಾಚಲು ತಂತ್ರಾಂಶವು ಅಂಚಿಗೆ ನಡುಬಣ್ಣ ತುಂಬುತ್ತದೆ. ಇದೇ ಆ್ಯಂಟಿ-ಅಲಿಯಾಸಿಂಗ್.

ನಿಜಕ್ಕೂ ಹರಿತ ಅಂಚು ಬೇಕೆ? ಬ್ರಷ್ ಬಿಟ್ಟು ಪೆನ್ಸಿಲ್ ಟೂಲ್ ಹಿಡಿಯಬೇಕು. ಅದರ ಗೆರೆಗೆ ಒಳಗೂ ಅಂಚಿನಲ್ಲೂ ಒಂದೇ ಬಣ್ಣ.

ಅಮೆರಿಕದ ಕಾಮಿಕ್ಸ್ ಲೋಕದಲ್ಲಿ ಇಂಥ ಹರಿತ ಅಂಚನ್ನೇ ನೆಚ್ಚಿಕೊಂಡ ಕಸುಬೊಂದಿದೆ. ‘ಫ್ಲ್ಯಾಟರ್’ಗಳು ಪ್ರತಿ ಪಾತ್ರದ ಚರ್ಮ, ಕೂದಲು, ಉಡುಪಿಗೆ ಮಸುಕಿಲ್ಲದ ಅಂಚಿನ ಸಪಾಟು ಬಣ್ಣ ಹಚ್ಚಿಕೊಡುತ್ತಾರೆ. ಮುಂದಿನ ಕಲಾವಿದ ಒಂದೇ ಕ್ಲಿಕ್ಕಿಗೆ ಇಡೀ ಭಾಗವನ್ನು ಆಯ್ದು ಬಣ್ಣ ಬದಲಿಸಬಹುದು. ಅಂಚು ಮಸುಕಾಗಿದ್ದರೆ ಸುತ್ತಲೂ ಹಳೆಯ ಬಣ್ಣದ ಎಳೆ ಉಳಿದುಬಿಡುತ್ತದೆ.

1984ರ ಚಿತ್ರ ಬಿಡಿಸುವ ತಂತ್ರಾಂಶ ಮ್ಯಾಕ್‌ಪೇಂಟ್‌ನಲ್ಲಂತೂ ಎಲ್ಲ ಅಂಚೂ ಗಡಸೇ. ಮೊದಲ ಮ್ಯಾಕಿಂಟಾಷ್‌ನ 512×342 ಪಿಕ್ಸೆಲ್ ಪರದೆಗೆ ಗೊತ್ತಿದ್ದದ್ದು ಕಪ್ಪು, ಬಿಳುಪು ಎರಡೇ.