ಕೆಟ್ಟಿದ್ದು ಕಾರ್ಡಲ್ಲ, ಮನೆ ನಂಬರು!

‘ಸಾಹುಕಾರ್ರ, ಇದು ಸತ್ತಿಲ್ರೀ. ಒಳಗ ಇಬ್ಬರ ನಡುವ ಜಗಳ ಹತ್ತೇತಿ, ಅಷ್ಟ.’

‘ಮಷಿನ್ನಿನಾಗ ಎಂಥಾ ಜಗಳೋ ತಮ್ಮಾ? ಮೊನ್ನಿಮಟಾ ಛಲೋ ನಡೀತಿತ್ತಲ್ಲ!’

ಗದಗ-ಬೆಟಗೇರಿಯ ಯಾವ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಾದರೂ ಕೇಳಿಬರಬಹುದಾದ ಮಾತು ಇದು. ಮೇಜಿನ ಮೇಲೆ ಇಟ್ಟಿಗೆಯಷ್ಟು ದಪ್ಪನೆಯ, ತೊಂಬತ್ತರ ದಶಕದ ಒಂದು ಲ್ಯಾಪ್‌ಟಾಪ್. ತಂದವರು ಮುದ್ರಣಾಲಯದ ಮಾಲೀಕರು. ಇದನ್ನು ಗುಜರಿಗೆ ಹಾಕಿ ಹೊಸದು ಕೊಳ್ಳಬಾರದೇ ಎಂದು ಯಾರಿಗಾದರೂ ಅನಿಸೀತು. ಆದರೆ ವಿಷಯ ಅಷ್ಟು ಸರಳವಲ್ಲ.

ಕುಮಾರವ್ಯಾಸ ವೀರನಾರಾಯಣನ ಗುಡಿಯಲ್ಲಿ ಕುಳಿತು ಭಾರತ ಬರೆದನೆಂಬ ಪ್ರತೀತಿ ಇರುವ ಗದಗು ಮುಂದೆ ಮುದ್ರಣಕ್ಕೂ ಹೆಸರಾಯಿತು. ಮೊಳೆ ಜೋಡಿಸುತ್ತಿದ್ದ ಕೈಗಳಿಗೆ ಕೀಲಿಮಣೆ ಬಂದಾಗ ಪುಟಗಳು ಹಾರ್ಡ್ ಡಿಸ್ಕಿನೊಳಗೆ ಸೇರಿಕೊಂಡವು. ಶಿರಹಟ್ಟಿಯ ಜಾತ್ರೆಯ ಕರಪತ್ರ, ಮುಂಡರಗಿಯ ಮದುವೆ ಪತ್ರಿಕೆ, ಲಕ್ಷ್ಮೇಶ್ವರದ ಶಾಲೆಯೊಂದರ ಸ್ಮರಣ ಸಂಚಿಕೆ ಎಲ್ಲವೂ ಇಂಥ ಹಳೆಯ ಯಂತ್ರವೊಂದರಲ್ಲಿ ಉಳಿದಿರಬಹುದು. ಡಿಸ್ಕನ್ನು ಬಿಚ್ಚಿ ಕಡತಗಳನ್ನು ನಕಲು ಮಾಡಿಕೊಳ್ಳುವುದು ಕಷ್ಟವಲ್ಲ. ಆದರೆ ಅಂದಿನ ಕೆಲವು ಕನ್ನಡ ತಂತ್ರಾಂಶಗಳು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಪುಟ್ಟ ಬೀಗವೊಂದು ಇದ್ದರೆ ಮಾತ್ರ ತೆರೆಯುತ್ತಿದ್ದವು. ಆ ಅಕ್ಷರಗಳ ಸಂಕೇತವೂ ಇಂದಿನ ಯೂನಿಕೋಡ್ ಅಲ್ಲ. ಹಾಗಾಗಿ ಪುಟವನ್ನು ಇದ್ದ ಹಾಗೆಯೇ ನೋಡಬೇಕಾದರೆ ಆ ಹಳೆಯ ಯಂತ್ರವೇ ಬದುಕಿರಬೇಕು.

ಪುಟಗಳನ್ನು ಹೊಸ ಯಂತ್ರಕ್ಕೆ ಸಾಗಿಸಲೆಂದು ಮಾಲೀಕರು ಲ್ಯಾಪ್‌ಟಾಪಿನ ಪಕ್ಕದ ಸೀಳಿಗೆ ನೆಟ್‌ವರ್ಕ್ ಕಾರ್ಡೊಂದನ್ನು ತೂರಿಸಿದ್ದಾರೆ. ಕಾರ್ಡು ಕೆಲಸ ಮಾಡಿತು. ಆದರೆ ತಂತ್ರಾಂಶ ಮಾತ್ರ ‘ಬೀಗ ಕಾಣುತ್ತಿಲ್ಲ’ ಎಂದು ಹಟ ಹಿಡಿಯಿತು!

ಒಂದೇ ಅಂಗಳಕ್ಕೆ ಇಬ್ಬರು ಒಡೆಯರು

ಕಂಪ್ಯೂಟರಿನೊಳಗೆ ಪ್ರತಿಯೊಂದು ಸಾಧನಕ್ಕೂ ಮನೆ ನಂಬರು ಇರುತ್ತದೆ. ಪ್ರೊಸೆಸರ್ ಅಂಚೆಯಣ್ಣನಂತೆ ಆ ನಂಬರು ನೋಡಿಯೇ ಮಾಹಿತಿ ತಲುಪಿಸುತ್ತದೆ. ಪ್ರಿಂಟರ್ ಪೋರ್ಟಿನ ಮಾಮೂಲು ನಂಬರು 378. ಇದು ಹದಿನಾರರ ಎಣಿಕೆ; ಇಲ್ಲಿ 9ರ ನಂತರ 10 ಬರುವುದಿಲ್ಲ, ಎ ಯಿಂದ ಎಫ್‌ವರೆಗಿನ ಅಕ್ಷರಗಳು ಬರುತ್ತವೆ. ಆ ಕಾಲದಲ್ಲಿ ಹೇರಳವಾಗಿ ಸಿಗುತ್ತಿದ್ದ ಎನ್‌ಇ2000 ಮಾದರಿಯ ನೆಟ್‌ವರ್ಕ್ ಕಾರ್ಡಿಗೆ ಒಂದು ಮನೆ ಸಾಲದು, ಸಾಲಾಗಿ 32 ಬೇಕು. ಅದನ್ನು 360ರಲ್ಲಿ ಕೂರಿಸಿದರೆ ಅದರ ಅಂಗಳ 37ಎಫ್‌ವರೆಗೆ ಚಾಚಿಕೊಳ್ಳುತ್ತದೆ. ನಡುವೆ ಸಿಕ್ಕ 378ರ ಪ್ರಿಂಟರ್ ಪೋರ್ಟು ಮುಚ್ಚಿಹೋಗುತ್ತದೆ. ಅದರ ಜೊತೆಗೆ ಬೀಗವೂ. ಬೀಗ ಕೆಟ್ಟಿಲ್ಲ, ಕಾರ್ಡೂ ಕೆಟ್ಟಿಲ್ಲ. ಕಾರ್ಡನ್ನು 300ಕ್ಕೆ ಸರಿಸಿದರೆ ಅದರ ಅಂಗಳ 31ಎಫ್‌ಗೆ ಮುಗಿಯುತ್ತದೆ. ಆ ಜಾಗದಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಜಗಳ ಬಗೆಹರಿದಂತೆಯೇ.

ಹದಿನೈದು ಗಂಟೆಗಳು

ಎರಡನೆಯ ಬಗೆಯ ಜಗಳ ಗಂಟೆಯದು. ಸಾಧನವೊಂದಕ್ಕೆ ಪ್ರೊಸೆಸರಿನ ಗಮನ ಬೇಕಾದಾಗ ಅದು ತನ್ನ ಪಾಲಿನ ಗಂಟೆ ಬಾರಿಸುತ್ತದೆ. ತಂತ್ರಜ್ಞರು ಇದನ್ನು ಐಆರ್‌ಕ್ಯೂ ಎನ್ನುತ್ತಾರೆ. 1981ರ ಐಬಿಎಂ ಪಿಸಿಯಲ್ಲಿ ಇಂಥ ಗಂಟೆಗಳು ಎಂಟೇ ಇದ್ದವು. 1984ರ ಪಿಸಿ ಎಟಿಯಲ್ಲಿ ಇನ್ನೂ ಎಂಟು ಸೇರಿದವು. ಆದರೆ ಎರಡೂ ಗುಂಪುಗಳನ್ನು ಬೆಸೆಯಲು ಒಂದು ಖರ್ಚಾಗಿ, ಉಪಯೋಗಕ್ಕೆ ಉಳಿದದ್ದು 15.

ಇವುಗಳಲ್ಲಿ 0 ಕಾಲಮಾಪಕದ್ದು, 1 ಕೀಲಿಮಣೆಯದು, 6 ಫ್ಲಾಪಿಯದು, 8 ಗಡಿಯಾರದ್ದು, 12 ಮೌಸಿನದು, 13 ಗಣಿತದ ಸಹಾಯಕ ಚಿಪ್ಪಿನದು, 14 ಹಾರ್ಡ್ ಡಿಸ್ಕಿನದು, 15 ಸಾಮಾನ್ಯವಾಗಿ ಸಿಡಿಯದು. ಸೀರಿಯಲ್ ಪೋರ್ಟಿಗೆ 4, ಇನ್‌ಫ್ರಾರೆಡ್ ಕಿಟಕಿಗೆ 3, ಧ್ವನಿಗೆ 5, ಪ್ರಿಂಟರಿಗೆ 7. ಇಷ್ಟು ಹಂಚಿದ ಮೇಲೆ ಹೊಸ ಕಾರ್ಡಿಗೆ ಮಿಕ್ಕಿದ್ದು 9, 10, 11 ಮಾತ್ರ. ಅವುಗಳಲ್ಲೂ ಒಂದನ್ನು ಕಾರ್ಡಿನ ಸೀಳನ್ನು ನೋಡಿಕೊಳ್ಳುವ ಚಿಪ್ಪೇ ಹಿಡಿದುಕೊಂಡಿರುವುದುಂಟು.

ಇಬ್ಬರಿಗೆ ಒಂದೇ ಗಂಟೆ ಕೊಟ್ಟರೇನು? ಹಳೆಯ ಐಎಸ್‌ಎ ಪದ್ಧತಿಯಲ್ಲಿ ಗಂಟೆ ಬಾರಿಸಿದ ಆ ಒಂದು ಕ್ಷಣ ಮಾತ್ರ ಕೇಳಿಸುತ್ತದೆ. ಇಬ್ಬರೂ ಒಟ್ಟಿಗೆ ಬಾರಿಸಿದರೆ ಒಬ್ಬನ ಕರೆ ಕಳೆದೇಹೋಗುತ್ತದೆ. ಮೋಡೆಮ್ ಕಾರ್ಡು ಹಾಕಿದೊಡನೆ ಯಂತ್ರ ಸ್ತಬ್ಧವಾಗುವುದು ಹೀಗೆಯೇ. ಆನಂತರದ ಪಿಸಿಐ ಪದ್ಧತಿಯಲ್ಲಿ ಉತ್ತರ ಸಿಗುವವರೆಗೂ ಗಂಟೆ ಮೊಳಗುತ್ತಲೇ ಇರುವುದರಿಂದ ಹಂಚಿಕೊಳ್ಳಲು ಅಡ್ಡಿಯಿಲ್ಲ. 1995ರ ಕಾರ್ಡ್‌ಬಸ್ ಈ ಜಾತಿಯದು. ಅಂಚಿನಲ್ಲಿ ಉಬ್ಬುಗಳಿರುವ ಹೊಂಬಣ್ಣದ ಪಟ್ಟಿ ಕಂಡರೆ ಅದು ಕಾರ್ಡ್‌ಬಸ್ ಎಂದು ತಿಳಿಯಬಹುದು. ತೀರಾ ಹಳೆಯ ಲ್ಯಾಪ್‌ಟಾಪಿನ ಸೀಳಿಗೆ ಅದು ಹೊಂದುವುದಿಲ್ಲ, ಒತ್ತಾಯದಿಂದ ತುರುಕಬಾರದು.

ಸಂಧಾನದ ದಾರಿ

ಮೊದಲ ಕೆಲಸ ಡಿಸ್ಕಿನ ಪೂರ್ತಿ ನಕಲು ತೆಗೆದಿಟ್ಟುಕೊಳ್ಳುವುದು. ಎರಡನೆಯದು ಒಂದು ಹಾಳೆ, ಒಂದು ಪೆನ್ನು. ವಿಂಡೋಸ್ 95 ಅಥವಾ 98ರಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಪಟ್ಟಿಯ ತುದಿಯಲ್ಲಿರುವ ‘ಕಂಪ್ಯೂಟರ್’ ಮೇಲೆ ಎರಡು ಸಲ ಒತ್ತಿದರೆ ಯಾವ ಗಂಟೆ ಯಾರದು, ಯಾವ ಮನೆ ಯಾರದು ಎಂಬುದೆಲ್ಲ ಬರುತ್ತದೆ. ಡಾಸ್ ಯಂತ್ರವಾದರೆ ಎಂಎಸ್‌ಡಿ ಎಂಬ ಉಪಕರಣ ಇದೇ ಕೆಲಸಕ್ಕೆ ಇತ್ತು. ಎಲ್ಲವನ್ನೂ ಹಾಳೆಗೆ ಇಳಿಸಬೇಕು.

ಹಳದಿ ಚಿಹ್ನೆ ಬಿದ್ದ ಸಾಧನದ ‘ರಿಸೋರ್ಸಸ್’ ಪುಟಕ್ಕೆ ಹೋಗಿ, ತಂತಾನೇ ಹೊಂದಿಸುವ ಗುರುತನ್ನು ತೆಗೆದು, ಖಾಲಿ ಇರುವ ನಂಬರು ಕೊಡಬೇಕು. ಜಗಳ ಉಳಿದಿದ್ದರೆ ಯಾರೊಡನೆ ಎಂಬುದನ್ನು ಅದೇ ಪುಟ ಹೇಳುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಯಂತ್ರವನ್ನು ಮತ್ತೆ ಆರಂಭಿಸಿ ನೋಡುವುದು ಒಳ್ಳೆಯದು.

ಖಾಲಿ ನಂಬರೇ ಇಲ್ಲದಿದ್ದರೆ? ಮೇಜಿನ ಕಂಪ್ಯೂಟರಿನಲ್ಲಾದರೆ ಕಾರ್ಡೊಂದನ್ನು ಕಿತ್ತು ಬದಿಗಿಡಬಹುದು. ಲ್ಯಾಪ್‌ಟಾಪಿನಲ್ಲಿ ಹೆಚ್ಚಿನವು ಬೋರ್ಡಿಗೇ ಬೆಸೆದುಕೊಂಡಿರುತ್ತವೆ. ಆಗ ಬಯೋಸ್ ಸೆಟಪ್ಪಿಗೆ ಹೋಗಿ, ಯಾರೂ ಬಳಸದ ಇನ್‌ಫ್ರಾರೆಡ್ ಕಿಟಕಿಯನ್ನು ಬಂದ್ ಮಾಡಿದರೆ 3ನೆಯ ಗಂಟೆ ಬಿಡುವಾಗುತ್ತದೆ.

ಮರೆವಿನ ಕಾಯಿಲೆ

ಇಷ್ಟಾದರೂ ಮಾಲೀಕರ ಪ್ರಶ್ನೆ ಉಳಿಯುತ್ತದೆ. ಹೊಸದೇನೂ ಸೇರಿಸದೆ, ಅದೇ ಕಾರ್ಡಿನೊಂದಿಗೆ ವರ್ಷಗಟ್ಟಲೆ ನಡೆದ ಯಂತ್ರಗಳೂ ಒಮ್ಮೆಲೇ ಹೀಗೆ ಜಗಳಕ್ಕೆ ಬೀಳುವುದೇಕೆ? ಹೆಚ್ಚಾಗಿ ಅದರ ಉತ್ತರ ನಾಣ್ಯದ ಗಾತ್ರದ ಸೆಲ್ಲಿನಲ್ಲಿದೆ. ಸೆಟಪ್ಪಿನಲ್ಲಿ ಮಾಡಿದ ಬದಲಾವಣೆಗಳನ್ನು ನೆನಪಿಡುವುದು ಆ ಸೆಲ್ಲಿನ ಶಕ್ತಿ. ಅದು ಬರಿದಾದರೆ ಯಂತ್ರ ಎಲ್ಲವನ್ನೂ ಮರೆತು, ಕಾರ್ಖಾನೆಯಿಂದ ಬಂದ ದಿನದ ಹಂಚಿಕೆಗೇ ಮರಳುತ್ತದೆ. ಹಿಂದೆ ಯಾರೋ ಬಂದ್ ಮಾಡಿದ್ದ ಇನ್‌ಫ್ರಾರೆಡ್ ಮತ್ತೆ ಎದ್ದು ಕೂರುತ್ತದೆ! ತಾರೀಖು ಹಿಂದಕ್ಕೆ ಹೋಗಿದ್ದರೆ ಅದೇ ಸುಳಿವು. ಅಂಥಲ್ಲಿ ಮೊದಲು ಸೆಲ್ ಬದಲಿಸಬೇಕು, ಆಮೇಲೆ ನಂಬರುಗಳ ಮಾತು.

ಇಂದಿನ ಕಂಪ್ಯೂಟರುಗಳಲ್ಲಿ ಈ ಹಂಚಿಕೆ ತಾನಾಗಿಯೇ ನಡೆಯುವುದರಿಂದ ಹೊಸ ಹುಡುಗರಿಗೆ ಈ ಜಗಳದ ಪರಿಚಯವೇ ಇಲ್ಲ. ಅರಿಯದೆ ‘ಬೋರ್ಡು ಹೋಗಿದೆ’ ಎಂದುಬಿಡುವುದು ಸುಲಭ. ಆ ಒಂದು ಮಾತಿಗೆ ಒಂದು ಊರಿನ ಎಷ್ಟೋ ಪುಟಗಳು ಗುಜರಿ ಸೇರಿಯಾವು. ಹಾಳೆಯ ಮೇಲೆ ಹದಿನೈದು ಗಂಟೆಗಳ ಪಟ್ಟಿ ಬರೆದು ನೋಡಲು ಹಿಡಿಯುವುದು ಅರ್ಧ ತಾಸು. ಆ ಹಾಳೆಯನ್ನು ಮಡಿಸಿ ಲ್ಯಾಪ್‌ಟಾಪಿನ ಚೀಲದಲ್ಲೇ ಇಟ್ಟರೆ, ಮುಂದಿನ ಸಲ ಅದನ್ನು ತೆರೆಯುವವನಿಗೂ ದಾರಿ ಗೊತ್ತಿರುತ್ತದೆ.