ಒರೆಸಲಾಗದ ಗೆರೆ

ಜಪಾನಿನ ಕುಂಚಬರಹ ‘ಶೊದೊ’ ಕಲಿಯಲು ಕುಳಿತವರಿಗೆ ಮೊದಲ ದಿನ ಸಿಗುವುದು ಅಕ್ಷರಮಾಲೆಯಲ್ಲ, ಬರೀ ಒಂದು ಅಡ್ಡಗೆರೆ. ಜಪಾನಿ ಲಿಪಿಯಲ್ಲಿ ‘ಒಂದು’ ಎಂಬ ಅಂಕಿಯೂ ಅದೇ. ಕುಂಚವನ್ನು ನೆಟ್ಟಗೆ ಹಿಡಿದು, ಮೊಣಕೈ ಮೇಜಿಗೆ ತಾಗದಂತೆ ಎತ್ತಿಕೊಂಡು, ತುದಿಯನ್ನು ಓರೆಯಾಗಿ ಕಾಗದಕ್ಕೆ ಊರಬೇಕು. ಅರೆಗಳಿಗೆ ನಿಂತು, ಒತ್ತಡವನ್ನು ತುಸು ಇಳಿಸಿ ಬಲಕ್ಕೆ ಎಳೆಯಬೇಕು. ಕೊನೆಯಲ್ಲಿ ಮತ್ತೆ ಒತ್ತಿ, ತುದಿಯನ್ನು ಒಳಮುಖವಾಗಿ ತಿರುಗಿಸಿ ಮೇಲೆತ್ತಬೇಕು. ತಡ ಮಾಡಿದರೆ ತೆಳು ಕಾಗದ ಮಸಿ ಕುಡಿದು ಗೆರೆಯ ಅಂಚು ಹರಡುತ್ತದೆ. ಅವಸರ ಮಾಡಿದರೆ ಗೆರೆಯ ನಡುವೆ ಬಿಳಿ ಎಳೆಗಳು ಕಾಣುತ್ತವೆ. ಎಳೆದಾದ ಗೆರೆಯ ಮೇಲೆ ಮತ್ತೆ ಕುಂಚ ಆಡಿಸುವಂತಿಲ್ಲ. ಸರಿಬರಲಿಲ್ಲವೆಂದರೆ ಹೊಸ ಹಾಳೆ.

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂಥ ಊರಿನಲ್ಲಿ ಅಕ್ಷರ ಕಲಿತ ನಮಗೆ ಬಿಗಿ ಎನಿಸುವುದು ಈ ಕೊನೆಯ ನಿಯಮ. ಮಾಸ್ತರರು ಪಾಟಿಯ ಮೇಲೆ ಬರೆದುಕೊಟ್ಟ ಅಕ್ಷರದ ಮೇಲೆಯೇ ಬಳಪ ಆಡಿಸಿ, ಅಂಗೈಯಿಂದ ಒರೆಸಿ, ಮತ್ತೆ ತಿದ್ದಿ ಬೆಳೆದ ಕೈ ನಮ್ಮದು. ನಾಡಿನ ಹಳೆಯ ರೂಢಿಯೂ ಹೀಗೇ ಇತ್ತು. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಅದೇ ಕಡತ. ಬೇಡವಾದದ್ದನ್ನು ಒರೆಸಿ ಅಲ್ಲಿಯೇ ಹೊಸದನ್ನು ಬರೆಯಬಹುದಿತ್ತು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದುಬಂದಿವೆ.

ಜಪಾನಿನ ಮಸಿಗೂ ಮುಖ್ಯವಾಗಿ ಬೇಕಾದದ್ದು ಕರಿಪುಡಿ ಮತ್ತು ಅಂಟು. ಎಣ್ಣೆದೀಪದ ಇಲ್ಲವೇ ಪೈನ್ ಮರದ ಕಾಡಿಗೆಗೆ ಪ್ರಾಣಿಜನ್ಯ ಅಂಟು ಕಲಸಿ, ನಾದಿ, ಅಚ್ಚಿಗೆ ಒತ್ತಿ ಒಣಗಿಸುತ್ತಾರೆ. ಬೇಸಿಗೆಯಲ್ಲಿ ಅಂಟು ಕೆಡುವುದರಿಂದ ಈ ಕೆಲಸ ಚಳಿಗಾಲದ್ದು. ದೇಶದ ಬಹುಪಾಲು ಮಸಿಕಡ್ಡಿ ನಾರಾ ಪಟ್ಟಣದಲ್ಲಿ ತಯಾರಾಗುತ್ತದೆ. ಕಲಿಯುವವರು ಕಲ್ಲಿನ ತಟ್ಟೆಗೆ ಕೆಲವೇ ಹನಿ ನೀರು ಬಿಟ್ಟು, ದೇವರಿಗೆ ಗಂಧ ತೇಯುವಂತೆ ಆ ಕಡ್ಡಿಯನ್ನು ಮೆಲ್ಲಗೆ ತೇಯುತ್ತಾರೆ. ಕರ್ಪೂರವನ್ನು ನೆನಪಿಸುವ ಪರಿಮಳ ಏಳುತ್ತದೆ. ಶಾಲೆಗಳಲ್ಲಿ ಬಾಟಲಿಯ ಮಸಿಯೇ ಹೆಚ್ಚು. ಆದರೂ ಮೊದಲ ದಿನ ಮಸಿ ತೇದೇ ಕುಳಿತುಕೊಳ್ಳಬೇಕು ಎಂಬುದು ನನ್ನ ಮಾತು. ಆ ಹೊತ್ತಿನಲ್ಲಿ ಭುಜ ಸಡಿಲಾಗುತ್ತದೆ, ಉಸಿರು ಹದಕ್ಕೆ ಬರುತ್ತದೆ.

ಕುಂಚಗಳು ಬಹುಪಾಲು ಹಿರೋಶಿಮಾ ಪ್ರಾಂತ್ಯದ ಕುಮಾನೊ ಊರಿನವು. ಆಡಿನ ಕೂದಲಿನದು ಮೆತ್ತಗೆ, ಮಸಿ ಚೆನ್ನಾಗಿ ಹೀರುತ್ತದೆ. ಕುದುರೆಯ ಕೂದಲಿನದು ಬಿರುಸು. ಎರಡನ್ನೂ ಬೆರೆಸಿದ್ದು ಹೊಸಬರಿಗೆ ಅನುಕೂಲ. ಹಾಳೆ ಸುಮಾರು 24 ಸೆಂಟಿಮೀಟರ್ ಅಗಲ, 33 ಸೆಂಟಿಮೀಟರ್ ಉದ್ದ. ಅದರಡಿ ಉಣ್ಣೆಯ ಹಾಸು, ಮೇಲಂಚಿಗೆ ಒಂದು ಭಾರ. ಕುರಿ, ಕಂಬಳಿಗಳ ನಡುವೆ ಬೆಳೆದ ಮೇಡ್ಲೇರಿಯ ಮಕ್ಕಳಿಗೆ ಉಣ್ಣೆಯ ಹಾಸು ಹೊಸದಲ್ಲ. ಸವೆದು ನಯವಾದ ಕಂಬಳಿಯ ತುಂಡೊಂದು ಅಭ್ಯಾಸಕ್ಕೆ ಸಾಕು.

ಜಪಾನಿನ ಮಕ್ಕಳು 3ನೇ ತರಗತಿಯಿಂದ ಶಾಲೆಯಲ್ಲಿಯೇ ಕುಂಚ ಹಿಡಿಯುತ್ತಾರೆ. ಗುರುಗಳು ಕೆಂಪು ಮಸಿಯಲ್ಲಿ ತಿದ್ದಿಕೊಡುತ್ತಾರೆ. ಚೆನ್ನಾಗಿ ಬರೆದರೆ ಹಾಳೆಯ ಮೇಲೆ ಸುತ್ತಲೂ ಎಸಳಿರುವ ಕೆಂಪು ಹೂವೊಂದನ್ನು ಬರೆದು ಮೆಚ್ಚುತ್ತಾರೆ. ನಮ್ಮ ಕಡೆಯವರಿಗೆ ಶೊದೊ ಪರಿಚಯವಾಗುವುದು ಹೆಚ್ಚಾಗಿ ಓದಲು ಬೆಂಗಳೂರಿಗೆ ಹೋದಾಗ, ಜಪಾನಿ ಭಾಷೆಯ ತರಗತಿಗಳಲ್ಲಿ, ‘ಜಪಾನ್ ಹಬ್ಬ’ದಂಥ ಕಾರ್ಯಕ್ರಮಗಳಲ್ಲಿ.

ಈ ಕುಂಚಕ್ಕೂ ಭಾರತಕ್ಕೂ ನಂಟು ಹಳೆಯದು. 736ರಲ್ಲಿ ಜಪಾನಿಗೆ ಹೋದ ಭಾರತದ ಭಿಕ್ಷು ಬೋಧಿಸೇನ 752ರಲ್ಲಿ ನಾರಾದ ತೊದಾಯ್‌ಜಿ ದೇಗುಲದ ಮಹಾಬುದ್ಧನ ಕಣ್ಣುಗಳನ್ನು ಕುಂಚದಿಂದ ಬರೆದು ಪ್ರತಿಷ್ಠೆ ಮಾಡಿದ. ಆ ಕುಂಚವನ್ನು ಅಲ್ಲಿನ ಶೊಸೊಯಿನ್ ಭಂಡಾರದಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಜಪಾನಿನ ಮೂವರು ಮಹಾ ಕುಂಚಬರಹಗಾರರಲ್ಲಿ ಒಬ್ಬನಾದ ಕೂಕಾಯ್ 804ರಲ್ಲಿ ಚೀನಾಕ್ಕೆ ಹೋಗಿ, ಪ್ರಜ್ಞ ಎಂಬ ಭಾರತೀಯ ಭಿಕ್ಷುವಿನ ಬಳಿ ಸಂಸ್ಕೃತ ಕಲಿತ. ಅವನು ತಾಯ್ನಾಡಿಗೆ ತಂದ ಸಿದ್ಧಂ ಲಿಪಿಯನ್ನು ಅಲ್ಲಿನ ದೇಗುಲಗಳಲ್ಲಿ ಈಗಲೂ ಕುಂಚದಿಂದ ಬರೆಯುತ್ತಾರೆ. ಸಿದ್ಧಂ ಆಗಲಿ ಕನ್ನಡ ಲಿಪಿಯಾಗಲಿ ಬ್ರಾಹ್ಮಿಯಿಂದಲೇ ಬೆಳೆದು ಬಂದವು.

ಒರೆಸಲಾಗದ ಬರಹ ನಮ್ಮಲ್ಲಿಯೂ ಇತ್ತು, ಕಲ್ಲಿನ ಮೇಲೆ. ನಮ್ಮ ರಾಣೆಬೆನ್ನೂರು ತಾಲ್ಲೂಕಿನಲ್ಲಿಯೇ, ತುಂಗಭದ್ರೆಯ ದಡದ ಚೌಡದಾನಪುರದಲ್ಲಿ ಮುಕ್ತೇಶ್ವರ ದೇವಾಲಯವಿದೆ. ಗುತ್ತಲದ ಗುತ್ತ ಅರಸರ ಕಾಲದ ಕನ್ನಡ ಶಾಸನಗಳು ಅಲ್ಲಿ ನಿಂತಿವೆ. ಆಳೆತ್ತರದ ಕಲ್ಲಿನ ಮೇಲೆ ಸಾಲಿನ ಮೇಲೆ ಸಾಲು, ದುಂಡನೆಯ ಅಕ್ಷರ. ಶಾಸನಗಳ ಕೊನೆಯಲ್ಲಿ ಬರೆದವನ ಹೆಸರು, ಕಂಡರಿಸಿದ ರೂವಾರಿಯ ಹೆಸರು ಬೇರೆ ಬೇರೆಯಾಗಿ ಬರುವುದುಂಟು. ಅಕ್ಷರ ಬರೆಯುವುದೇ ಒಂದು ಕಸುಬಾಗಿತ್ತು. ಅಡ್ಡಗೆರೆಯ ಅಭ್ಯಾಸ ಮಾಡಿದವರು ಒಮ್ಮೆ ಆ ಕಲ್ಲುಗಳ ಮುಂದೆ ನಿಲ್ಲಬೇಕು. ಉಳಿ ಎಲ್ಲಿ ತಿರುಗಿತು, ಎಲ್ಲಿ ನಿಂತಿತು ಎಂಬುದನ್ನು ಬೆರಳಿಗಿಂತ ಮೊದಲು ಕಣ್ಣು ಹುಡುಕುತ್ತದೆ.

ಕುಂಚ ಕೈಗೆ ಬಂದೊಡನೆ ಕನ್ನಡ ಬರೆಯುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಹುಟ್ಟಲೇಬೇಕು. ಆದರೆ ಮೊದಲು ಶೊದೊದ ಮೂರು ಮುಕ್ತಾಯಗಳು ಕೈಗೆ ಹತ್ತಲಿ: ಗೆರೆಯನ್ನು ನಿಲ್ಲಿಸುವುದು, ಚಿಮ್ಮಿಸುವುದು, ತೆಳುವಾಗಿಸುತ್ತ ಬಿಡುವುದು. ಚಿಮ್ಮಿಸಲು ಬಂದರೆ ನಮ್ಮ ತಲೆಕಟ್ಟು ಬಂದಂತೆಯೇ. ಆಮೇಲೆ ‘ಗ’ ಬರೆಯಿರಿ, ಕಮಾನು ಒಂದೇ ಉಸಿರಿನಲ್ಲಿ ಆಗುತ್ತದೆ. ‘ಠ’ ಕೊನೆಗಿರಲಿ. ಪೂರ್ತಿ ಸುತ್ತು ಬರುವಾಗ ಕುಂಚದ ತುದಿ ಗೆರೆಯ ನಡುವೆಯೇ ಸಾಗಬೇಕು. ಅದಕ್ಕೆ ಬೆರಳು ತಿರುಗಿಸಿದರೆ ಸಾಲದು, ಇಡೀ ತೋಳು ಸುತ್ತಬೇಕು.